ಒಗ್ಗರಣೆಗೆ ಓಡಿದ ಜಿಂಕೆ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ನಮ್ಮ ಮನೆಯ ಮಟ್ಟಿಗೆ ಸುಳ್ಳು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಾನು ಮೈಸೂರಿನವಳು, ಮೊಟ್ಟೆಯನ್ನೂ ಮುಟ್ಟದವಳು, ಈಗ ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮಗಳು ಇಲ್ಲೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಯೂನಿವರ್ಸಿಟಿಗೆ ಸೇರಿದ ಮೇಲೆ ಫ್ಲ್ಯಾಟ್‌ಮೇಟ್‌ಗಳ ಜೊತೆ ಬೇಟೆಗೆ ಹೋಗುವುದನ್ನೂ ಕಲಿತಳು. ಚಿಕ್ಕವಳಿದ್ದಾಗ, ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಕಲಿಸಿದ್ದೆ. ಹೈಸ್ಕೂಲಿಗೆ ಬಂದವಳು "ಅಮ್ಮಾ, ಇಟ್ಸ್ ಜಸ್ಟ್ ಪೇಪರ್" ಎಂದು ಅದನ್ನೂ ಬಿಟ್ಟಳು. ಹೇಳಿ ಹೇಳಿ ಸಾಕಾಗಿ ನಾನೂ ಸುಮ್ಮನಾದೆ. ನನ್ನಿಂದ ಇವಳಿಗೆ ಬಂದದ್ದು ಮೂಗಿನ ತುದಿಯ ಕೋಪವೊಂದೇ ಎಂದು ಗಂಡನ ಹತ್ತಿರ ಗೊಣಗುತ್ತಿದ್ದೆ.

ದಕ್ಷಿಣ ದ್ವೀಪದ ಫಿಯೊರ್ಡ್‌ಲ್ಯಾಂಡ್ ಕಾಡಿನಲ್ಲಿ ಎಲ್ಕ್ ಎಂಬ ಭಾರೀ ಜಿಂಕೆಗಳಿವೆ. ಇಲ್ಲಿಯವರು ವಾಪಿಟಿ ಎನ್ನುತ್ತಾರೆ. ನಮ್ಮ ಬಂಡೀಪುರದ ಕಡವೆಗೆ ದೊಡ್ಡಣ್ಣ ಅಂತಿಟ್ಟುಕೊಳ್ಳಿ. ಅವುಗಳ ಬೇಟೆಗೆ ಬೇಕೆಂದಾಗ ಹೋಗುವಂತಿಲ್ಲ, ಚೀಟಿ ಎತ್ತಿದಾಗ ನಮ್ಮ ಹೆಸರು ಬರಬೇಕು. ಮಗಳ ತಂಡ ವರ್ಷವರ್ಷವೂ ಹೆಸರು ಕೊಟ್ಟು ಕಾದಿತ್ತು. ಅವಳ ಓದು ಮುಗಿಯುವ ವರ್ಷ ಚೀಟಿ ಬಂತು. ಅಷ್ಟರಲ್ಲಿ ತಂಡದ ಹುಡುಗನೊಬ್ಬ ಕಾಲು ಮುರಿದುಕೊಂಡ.

"ನೀನು ಬಾ ಅಮ್ಮಾ. ಯು ಡೋಂಟ್ ಹ್ಯಾವ್ ಟು ಶೂಟ್" ಎಂದಳು.

"ಸೊಳ್ಳೆ ಹೊಡೆಯೋಕೆ ಮುಂಚೆ ಸಾರಿ ಕೇಳೋಳು ನೀನು. ಬೇಟೆಗೆ ಹೋಗ್ತೀಯಾ?" ಎಂದು ಗಂಡ ನಕ್ಕರು.

ಹೋದೆ. ಕಾರಣ ಬೇಟೆಯಲ್ಲ. ದನಕರುಗಳ ಡಾಕ್ಟರಾಗಿ ಅವಳು ಇನ್ನೆರಡು ತಿಂಗಳಲ್ಲಿ ದಕ್ಷಿಣದ ಊರೊಂದಕ್ಕೆ ಹೊರಡುವವಳಿದ್ದಳು. ಆಮೇಲೆ ನನಗೆ ಸಿಗುವುದು ಫೋನಿನಲ್ಲಷ್ಟೇ. ನನ್ನದು ಅನ್ನುವಂಥದ್ದು ಏನಾದರೂ ಅವಳಲ್ಲಿ ಉಳಿದಿದೆಯೇ ಎಂದು ಅವಳು ಹೋಗುವ ಮೊದಲು ನೋಡಬೇಕಿತ್ತು. ಏನೂ ಇಲ್ಲದಿದ್ದರೆ ಎಂಬ ಹೆದರಿಕೆಯೂ ಇತ್ತು.

ಹೆಲಿಕಾಪ್ಟರ್ ನಮ್ಮನ್ನು ಕಣಿವೆಯಲ್ಲಿ ಇಳಿಸಿ ಹೋಯಿತು. ಉಳಿದಿಬ್ಬರು ಹುಡುಗರು ದಿನಾ ಪಕ್ಕದ ಕಣಿವೆಗೆ ಹೋಗುತ್ತಿದ್ದರು, ನಾವಿಬ್ಬರೂ ಈ ಕಡೆ. ಮಳೆ, ಮೈಯೆಲ್ಲ ಕಚ್ಚುವ ಸ್ಯಾಂಡ್‌ಫ್ಲೈ ನೊಣ, ಪ್ಯಾಕೆಟ್ಟಿನಲ್ಲಿ ಬಿಸಿನೀರು ಸುರಿದು ತಿನ್ನುವ ಊಟ. ಎರಡು ದಿನ ತಡೆದುಕೊಂಡೆ. ಒಂದು ಬೆಳಿಗ್ಗೆ ಮಗಳು ಮೇಲಿನ ಬಂಡೆಯ ಹತ್ತಿರ ಕಾದು ಕೂತಿದ್ದಾಗ, ಪಾಪ ಮಗು ಬಿಸಿಯಾಗಿ ಏನಾದರೂ ತಿನ್ನಲಿ ಎಂದು ಟೆಂಟಿನ ಮುಂದೆ ಪುಟ್ಟ ಗ್ಯಾಸ್ ಸ್ಟೌ ಹಚ್ಚಿದೆ. ಚೀಲದ ತಳದಲ್ಲಿ ಬಚ್ಚಿಟ್ಟು ತಂದಿದ್ದ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಧಾರಾಳವಾಗಿ ಇಂಗು ಹಾಕಿ ಅವಲಕ್ಕಿಗೆ ಒಗ್ಗರಣೆ ಕೊಟ್ಟೆ. ಚಟಪಟ ಅಂದಿತು. ಕಣಿವೆಯೆಲ್ಲ ಘಮ್ಮೆಂದಿತು.

ಸ್ವಲ್ಪ ಹೊತ್ತಿಗೆ ಮಗಳು ಇಳಿದು ಬಂದಳು. ಮುಖ ಕೆಂಪಗಿತ್ತು. ಬಂದಾಗಿನಿಂದ ಕಾದಿದ್ದ ದೊಡ್ಡ ಗಂಡು ಆಗಷ್ಟೇ ಮರಗಳ ಮರೆಯಿಂದ ಹೊರಗೆ ಬಂದು, ಮೂಗೆತ್ತಿ ಗಾಳಿ ಮೂಸಿ, ತಿರುಗಿ ಓಡಿತ್ತಂತೆ. ಗಾಳಿ ಟೆಂಟಿನ ಕಡೆಯಿಂದ ಮೇಲಕ್ಕೆ ಬೀಸುತ್ತಿತ್ತು.

"ಇಂಗು, ಅಮ್ಮಾ. ಯು ಪುಟ್ ಇಂಗು."

ನಾನಾಗಿದ್ದರೆ ಪಾತ್ರೆ ಎತ್ತಿ ಎಸೆಯುತ್ತಿದ್ದೆ. ಅವಳು ನದಿಯ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ತಟ್ಟೆ ಎಳೆದುಕೊಂಡು ಅವಲಕ್ಕಿಯನ್ನು ತಿಂದಳು, ಇನ್ನೊಂದು ಸಲ ಹಾಕಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು.

ಅಂದಿನಿಂದ ನನಗೊಂದು ಕೆಲಸ ಕೊಟ್ಟಳು. ಪೌಡರ್ ತುಂಬಿದ ಪುಟ್ಟ ಬಾಟಲಿಯನ್ನು ಒತ್ತಿ, ಹೊಗೆಯಂತೆ ಹೊರಟ ಪುಡಿ ಯಾವ ಕಡೆ ಹಾರುತ್ತದೆ ನೋಡಿ ಹೇಳುವುದು. ಅವಳ ಪಕ್ಕದಲ್ಲಿ ಒದ್ದೆ ಪಾಚಿಯ ಮೇಲೆ ಬೋರಲು ಮಲಗಿ ನಾನು ಗಾಳಿ ಕಾದೆ. ಅವಳ ಭುಜ ನನ್ನ ಭುಜಕ್ಕೆ ತಾಗಿಕೊಂಡೇ ಇತ್ತು. ಹಾಗೆ ನಾವಿಬ್ಬರೂ ಒತ್ತಿಕೊಂಡು ಮಲಗಿ ಹತ್ತು ವರ್ಷದ ಮೇಲಾಗಿತ್ತು. ಜಿಂಕೆ ಬರದಿದ್ದರೂ ಪರವಾಗಿಲ್ಲ ಎಂದುಕೊಂಡೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಆ ದೊಡ್ಡ ಗಂಡು ಕೂಗಿತು. ಎಣ್ಣೆ ಕಾಣದ ಗೇಟು ತೆರೆದ ಹಾಗಿತ್ತು ಆ ದನಿ. ಬಾಟಲಿ ಒತ್ತಿದೆ. ಪುಡಿ ನಮ್ಮ ಮುಖಕ್ಕೇ ಬಂತು. "ಗಾಳಿ ಸರಿಯಾಗಿದೆ ಕಣೇ" ಎಂದು ಪಿಸುಗುಟ್ಟಿದೆ. ಕೊಂಬು ಹೊತ್ತ ಆ ಗಂಡು ಹುಲ್ಲಿನ ಬಯಲಿಗೆ ನಡೆದು ಬಂತು. ಎಷ್ಟು ಚೆನ್ನಾಗಿತ್ತೆಂದರೆ ನಾನು ಕಣ್ಣು ಮುಚ್ಚಿಕೊಂಡೆ. ಗುಂಡಿನ ಸದ್ದಾಯಿತು. ಕಣ್ಣು ಬಿಟ್ಟಾಗ ಅದು ಬಿದ್ದಿತ್ತು, ಒಂದೇ ಗುಂಡಿಗೆ.

ಇಬ್ಬರೂ ಹತ್ತಿರ ಹೋದೆವು. ಜೀವ ಹೋಗಿದೆಯೇ ಎಂದು ಮಗಳು ನೋಡಿದಳು. ಆಮೇಲೆ ಚಾಕು ತೆಗೆಯುತ್ತಾ ಆ ಬದಿಗೆ ದಾಟುವಾಗ, ಅವಳ ಬೂಟು ಅದರ ಕುತ್ತಿಗೆಗೆ ತಾಗಿತು.

ಅವಳು ಬಗ್ಗಿ ಬೆರಳ ತುದಿಯಿಂದ ಅದರ ಕತ್ತನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದಕ್ಕೆ. ನಾನು ಕಲಿಸಿದ ಹಾಗೆಯೇ. ಮಾಡಿದ್ದು ಅವಳಿಗೇ ಗೊತ್ತಿರಲಿಲ್ಲ.

ಕಾಲು ಮುರಿದುಕೊಂಡ ಆ ಹುಡುಗನಿಗೆ, ಗಾಳಿಗೆ, ಅಲ್ಲಿ ಬಿದ್ದಿದ್ದ ಆ ದೊಡ್ಡ ಜೀವಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಇವತ್ತಿಗೂ ಆ ಋಣ ನನ್ನ ಮೇಲಿದೆ.

"ವಾಟ್?" ಎಂದಳು ಮಗಳು, ನನ್ನ ಮುಖ ನೋಡಿ.

"ಏನಿಲ್ಲ. ನೀನು ಕೆಲಸ ಮಾಡು."

"ಹಾಗಾದ್ರೆ ಕಾಲು ಹಿಡ್ಕೋ" ಎಂದಳು, ಕನ್ನಡದಲ್ಲಿ.

ಹಿಡಿದುಕೊಂಡೆ. ಅದಿನ್ನೂ ಬೆಚ್ಚಗಿತ್ತು.