ನಿಂತು ಮಾತಾಡುತ್ತಿದ್ದ ಕಾಕಾ

ಕಾಕಾಗೆ ನಡೆಯುತ್ತಾ ಮಾತಾಡಲು ಬರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟು, ಅದರ ಕೆಳಗೆ ಬೆಳ್ಳನೆಯ ಸ್ನೀಕರ್ಸು, ಬೆನ್ನ ಹಿಂದೆ ಕಟ್ಟಿದ ಕೈ. ಸುಮ್ಮನಿದ್ದಷ್ಟು ಹೊತ್ತು ನನಗಿಂತ ಬಿರುಸಾಗಿ ನಡೆಯುವವರು, ಮಾತು ಬಂತೆಂದರೆ ಗಕ್ಕನೆ ನಿಂತುಬಿಡುತ್ತಿದ್ದರು. ಕನ್ನಡಕ ತೆಗೆದು, ನನ್ನ ಕಡೆ ಪೂರ್ತಿ ತಿರುಗಿ, ಹೇಳಬೇಕಾದ್ದನ್ನು ಹೇಳಿ ಮುಗಿಸಿ, ಮತ್ತೆ ಕನ್ನಡಕ ಏರಿಸಿಕೊಂಡು ಹೊರಡುವರು. ಹಿಂದಿನಿಂದ ಸೈಕಲ್ಲಿನವರು ‘ಆನ್ ಯುವರ್ ಲೆಫ್ಟ್’ ಅಂತ ದಾರಿ ಬಿಡಲು ಕೂಗಿಕೊಂಡು ಬಂದರೂ, ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಬೇರೆಯವರು ವಾಕಿಂಗು ಮುಗಿಸಿ ಮನೆಗೆ ಹೋಗಿ ಕಾಫಿ ಕುಡಿಯುವ ಹೊತ್ತಿಗೆ ನಾವಿಬ್ಬರೂ ಇನ್ನೂ ಕ್ರೀಕು ಅನ್ನುವ ಹಳ್ಳದ ಮೊದಲನೇ ಸೇತುವೆ ಹತ್ತಿರವೇ ಇರುತ್ತಿದ್ದೆವು.

“ನಡಕೋತ ಹೇಳಿದ್ರ ಅರ್ಧಾ ಮಾತು ಗಾಳಿಗೆ ಹೋಗ್ತೈತಿ ತಂಗಿ. ಮಾರಿ ನೋಡಿ ಹೇಳಬೇಕು,” ಅನ್ನುವುದು ಅವರ ವಾದ.

ಅವರು ನಮಗೆ ನೆಂಟರೇನಲ್ಲ. ಹುಬ್ಬಳ್ಳಿಯವರು, ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ನಾನು ಮದ್ದೂರಿನ ಕಡೆಯವಳು. ಅವರ ಮನೆಯಿಂದ ಎರಡು ಮನೆ ಆಚೆಗೆ ಬಾಡಿಗೆಗೆ ಬಂದ ಹೊಸತರಲ್ಲಿ “ಅಂಕಲ್” ಅಂದೆ. “ಅಂಕಲ್ ಅನಬ್ಯಾಡವಾ, ಇಲ್ಲಿ ಹಾದಿಬೀದಿಯವರೆಲ್ಲಾ ಅಂಕಲ್ಲೇ. ಕಾಕಾ ಅನ್ನು,” ಅಂದರು. ಆವತ್ತಿನಿಂದ ಅವರು ಕಾಕಾ, ಅವರ ಹೆಂಡತಿ ಕಾಕೂ.

ಆಗ ನನ್ನ ಪರಿಸ್ಥಿತಿ ಯಾರಿಗೂ ಬೇಡ. ಗಂಡ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿಗೆ ಬೆಳಕು ಹರಿಯುವ ಮುಂಚೆ ಹೊರಟರೆ ಕೊಲ್ಲಿಯ ಸೇತುವೆ, ಫ್ರೀವೇ ಎಲ್ಲ ದಾಟಿ ಬರುವಷ್ಟರಲ್ಲಿ ಮಗಳಿಗೆ ನಿದ್ದೆ. ನನಗೆ ಡ್ರೈವಿಂಗು ಬಾರದು, ಕೆಲಸ ಮಾಡುವ ವೀಸಾ ಇಲ್ಲ. ಗೋಡೆ ಜೊತೆ ಮಾತಾಡುವುದೊಂದು ಬಾಕಿ ಇತ್ತು. ಒಂದು ಸಂಜೆ ಕಾಕಾ ಸೇತುವೆ ಹತ್ತಿರ ನಿಂತರು, ಕನ್ನಡಕ ತೆಗೆದರು. “ಮನ್ಯಾಗ ಕುಂತು ಕುಂತು ಯಾಕ ಹುಚ್ಚಿ ಆಗ್ತಿ? ನಮ್ಮ ಕಾಲೇಜಿಗೆ ಬಾ. ಕೂಸಿನ ಅಲ್ಲೇ ಡೇಕೇರಿನಾಗ ಬಿಡು, ಬಾಜೂ ಖೋಲ್ಯಾಗ ನೀ ಓದು.”

ನಮ್ಮ ಕಾಲೇಜು ಅಂದದ್ದು ಊರಿನ ಕಮ್ಯುನಿಟಿ ಕಾಲೇಜಿಗೆ. ದೊಡ್ಡ ಹೆಸರಿನ ಯೂನಿವರ್ಸಿಟಿ ಅಲ್ಲ. ಹದಿನೆಂಟರ ಹುಡುಗರೂ ಬರುತ್ತಾರೆ, ಮೊಮ್ಮಕ್ಕಳಿರುವವರೂ ಬರುತ್ತಾರೆ, ಹಗಲು ಅಂಗಡಿಯಲ್ಲಿ ದುಡಿದು ಸಂಜೆ ಬೆಂಚಿನ ಮೇಲೆ ಕೂರುವವರೂ ಬರುತ್ತಾರೆ. ಅದನ್ನು ನಡೆಸಲು ಐದು ಜನರ ಬೋರ್ಡು, ಊರಿನವರು ಓಟು ಹಾಕಿ ಆರಿಸುವಂಥದ್ದು. ಕಾಕಾ ಅದರಲ್ಲಿ ಒಬ್ಬರು. ನಾನು ಸೇರಿದೆ. ಚಿಕ್ಕ ಮಕ್ಕಳಿಗೆ ಕಲಿಸುವ ಕೋರ್ಸು ಓದಿದೆ. ಪಕ್ಕದ ಕಟ್ಟಡದಲ್ಲಿ ಮಗಳು ಮರಳಲ್ಲಿ ಆಡುವುದು ನನ್ನ ಕ್ಲಾಸಿನ ಕಿಟಕಿಯಿಂದಲೇ ಕಾಣುತ್ತಿತ್ತು. ಈವತ್ತು ನಾನೇ ಒಂದು ಡೇಕೇರ್ ನಡೆಸುತ್ತಿದ್ದೇನೆ ಅಂದರೆ ಅದು ಕಾಕಾ ಆ ಸೇತುವೆ ಹತ್ತಿರ ನಿಂತದ್ದರಿಂದ.

ಬೋರ್ಡಿನ ಮೀಟಿಂಗು ನೋಡಲು ಹೋಗುವ ಚಟ ನನಗೆ ಹತ್ತಿದ್ದು ಅವರಿಂದಲೇ. ಮೀಟಿಂಗಿನ ಶುರುವಿನಲ್ಲಿ ಊರಿನ ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಬಹುದು. ಬೋರ್ಡಿನವರು ಅದಕ್ಕೆ ಉತ್ತರ ಕೊಡುವಂತಿಲ್ಲ. ಬೈದರೂ, ಅತ್ತರೂ ಕೇಳಿಸಿಕೊಂಡು, “ಥ್ಯಾಂಕ್ ಯೂ” ಅಂದು ಮುಂದಿನವರನ್ನು ಕರೆಯಬೇಕು. ಮಿಕ್ಕ ಅಧ್ಯಕ್ಷರು ಟೈಮರು ಕೂಗಿದ ತಕ್ಷಣ ಮೊಟಕು ಮಾಡುತ್ತಿದ್ದರು. ಸರದಿಯ ಮೇಲೆ ಕಾಕಾ ಅಧ್ಯಕ್ಷರಾದ ವರ್ಷ ಮಾತ್ರ ಹಾಗಾಗಲಿಲ್ಲ. ಟೈಮರು ಕೂಗಿದರೆ ತಲೆ ತಗ್ಗಿಸಿಬಿಡುತ್ತಿದ್ದರು, ಕೇಳಿಸಲೇ ಇಲ್ಲ ಅನ್ನುವ ಹಾಗೆ. ಮಾತಾಡುವವರು ಹಿಡಿದ ಮಾತು ಮುಗಿಸಿದ ಮೇಲೆಯೇ ತಲೆ ಎತ್ತುವುದು. ನಾನು ಚೇಷ್ಟೆ ಮಾಡಿದರೆ, “ಎಲ್ಲಾರೂ ನಿಂತು ಮಾತಾಡಾಕತ್ತಾರ ಅಲ್ಲಾ ಪಾಪ, ಮುಗಿಸಲಿ ಬಿಡು,” ಅನ್ನುವರು.

ನನಗೆ ಇಲ್ಲಿನ ಪೌರತ್ವ ಬಂದ ಮೇಲೆ ಬೋರ್ಡಿನ ಚುನಾವಣೆಗೆ ನಿಲ್ಲಿಸಿದ್ದೂ ಅವರೇ. ಬಿಸಿಲಲ್ಲಿ ಮನೆಮನೆ ಬಾಗಿಲು ಬಡಿದರು. ನಾನು ಗೆದ್ದೆ. ಕಾಕೂ ಬದನೆಕಾಯಿ ಎಣ್ಣೆಗಾಯಿ ಮಾಡಿ ಊಟಕ್ಕೆ ಕರೆದರು. ಊಟ ಆದ ಮೇಲೆ ಕಾಕಾ ಬಾಗಿಲವರೆಗೆ ಬಂದು, ಕನ್ನಡಕ ತೆಗೆದು ಹೇಳಿದರು: “ನಾಳಿಂದ ವಾಕಿಂಗು ಬ್ಯಾಡ ತಂಗಿ.”

ನಾನು ತಮಾಷೆ ಅಂದುಕೊಂಡೆ.

“ಐದು ಮಂದಿ ಬೋರ್ಡಿನಾಗ ನಾವು ಇಬ್ರು ಕನ್ನಡದವರು. ದಿನಾ ಸಂಜೀಕ ಹಾದ್ಯಾಗ ನಿಂತು ಕನ್ನಡದಾಗ ಗುಸುಗುಸು ಅಂದ್ರ ನೋಡೋರು ಏನಂದಾರು?”

“ಅಲ್ಲ ಕಾಕಾ, ಮೂರು ಜನ ಸೇರಿ ಒಳಗೊಳಗೇ ತೀರ್ಮಾನ ಮಾಡಬಾರದು ಅಂತ ತಾನೇ ಕಾಯಿದೆ? ಇಬ್ಬರು ಮಾತಾಡಬಹುದು ಅಂತ ಕಾಲೇಜಿನ ವಕೀಲರೇ ಹೇಳಿದ್ರಲ್ಲ.”

“ಕಾಯಿದೇಕ ಸಾಕು. ಮಂದಿ ಕಣ್ಣಿಗೆ ಸಾಕಾಗಂಗಿಲ್ಲ. ನನ್ನ ಅವಧಿ ಮುಗೀಲಿ, ಆಮ್ಯಾಲೆ ಎಲ್ಲಾ ಮಾತಾಡೋಣು.”

ಮನೆಗೆ ಬಂದು ಹೇಳಿದರೆ ಮಗಳು ಫೋನಿನಿಂದ ತಲೆ ಎತ್ತದೆ, “ಸೋ ಹಿ ಮೇಡ್ ಅಪ್ ಎ ರೂಲ್?” ಅಂದಳು. ಹೂಂ ಕಣೇ, ಇಲ್ಲದ ನಿಯಮವೊಂದನ್ನು ಮಾಡಿಕೊಂಡರು. ನನಗೆ ಎಂಥಾ ಸಿಟ್ಟು ಬಂದಿತ್ತು ಅಂದರೆ, ಗೆದ್ದದ್ದೇ ತಪ್ಪಾಯಿತಲ್ಲಪ್ಪ ಅನ್ನಿಸಿಬಿಟ್ಟಿತು. ಪರದೇಶಕ್ಕೆ ಬಂದ ಮೇಲೆ ನಮ್ಮವರಿಗೆ ಬರುವ ಕಾಯಿಲೆ ಇದು. ಯಾರೂ ಬೆರಳು ತೋರಿಸದಿದ್ದರೂ ನಾವೇ ಮುಂಚಿತವಾಗಿ ತಪ್ಪು ಕಾಣಿಕೆ ಕಟ್ಟಿಬಿಡುತ್ತೇವೆ.

ಕಾಕಾ ಆಡಿದ ಮಾತಿಗೆ ತಪ್ಪಲಿಲ್ಲ. ಲಿವರ್‌ಮೋರ್ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಎದುರಾದರೆ, “ಪುಳಿಯೋಗರೆ ಚಲೋ ಆಗೇತಿ ನೋಡು,” ಅಂದು ಮುಂದೆ ಹೋಗುವರು. ಹಿಂದಿನಿಂದ ಕಾಕೂ ನನ್ನ ಕೈ ಹಿಡಿದು, “ಇವರಿಗೆ ಒಬ್ರ ವಾಕಿಂಗು ಹೋಗಿ ಹೋಗಿ ಬ್ಯಾಸರಾಗೇತವಾ. ಹತ್ತು ಮಿನಿಟಿಗೆ ವಾಪಸ್ ಬರ್ತಾರ,” ಅಂತ ಪಿಸುಗುಟ್ಟುವರು. ನಿಂತು ಮಾತಾಡಲು ಯಾರೂ ಇಲ್ಲದ ಮೇಲೆ ಬೇಗ ಮುಗಿಯದೆ ಇನ್ನೇನು?

ಹೀಗೆ ನಾವು ಮಾತು ಬಿಟ್ಟಿದ್ದಾಗಲೇ ಡೇಕೇರಿನ ವಿಷಯ ಬೋರ್ಡಿಗೆ ಬಂತು. ಅದೇ ಕಟ್ಟಡ, ನನ್ನ ಮಗಳು ಆಡಿದ್ದು. ಭೂಕಂಪವಾದರೆ ಗೋಡೆ ನಿಲ್ಲುವುದಿಲ್ಲ ಅಂತ ಪರೀಕ್ಷೆ ಮಾಡಿದವರು ಹೇಳಿದ್ದರು. ಮುಚ್ಚಬೇಕೋ ಬೇಡವೋ, ಅದು ಪ್ರಶ್ನೆ. ಮೈಕಿನ ಮುಂದೆ ಒಬ್ಬಳು ತಾಯಿ ಬಂದು ನಿಂತಳು. ನರ್ಸಿಂಗ್ ಓದುತ್ತಿದ್ದವಳು, ಸೊಂಟದ ಮೇಲೆ ಮಗು. “ಇದನ್ನು ಮುಚ್ಚಿದರೆ ನಾನು ಓದು ಬಿಡಬೇಕಾಗುತ್ತೆ,” ಅಂದಳು. ಟೈಮರು ಕೂಗಿತು. ಕಾಕಾ ತಲೆ ತಗ್ಗಿಸಿದರು. ಅವಳು ಹೇಳಿ ಮುಗಿಸಿದಳು.

ನಾನು ದಿನವಿಡೀ ಮಕ್ಕಳನ್ನು ಎತ್ತಿ ಆಡಿಸುವವಳು. ಬೀಳುವ ಗೋಡೆಯ ಪಕ್ಕ ಮಕ್ಕಳನ್ನು ಮಲಗಿಸಿ ಅಂತ ಹೇಳಲು ನನ್ನಿಂದ ಆಗಲಿಲ್ಲ. ಓಟಿಗೆ ಹಾಕುವ ಮುಂಚೆ ಮತ್ತೆ ಸರದಿ ಬಂದು ಅಧ್ಯಕ್ಷ ಸ್ಥಾನದಲ್ಲಿದ್ದ ಕಾಕಾ ಕೇಳಿದರು, ಯಾರಾದರೂ ಬೇರೆ ಸೂಚನೆ ಮಂಡಿಸುತ್ತೀರಾ ಅಂತ. ಕೇಳಿ, ಕನ್ನಡಕ ತೆಗೆದು ನನ್ನ ಕಡೆ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ‘ನನ್ನ ಮುಲಾಜು ನೋಡಬೇಡ, ನಿನ್ನ ಮನಸ್ಸಿಗೆ ಬಂದಂತೆ ಹಾಕು’ ಅನ್ನುತ್ತಿದ್ದಾರೆ ಅಂತ ನಾನು ತಿಳಿದೆ. ಮುಚ್ಚಬೇಕು ಅಂತ ಕೈ ಎತ್ತಿದೆ. ಮುಚ್ಚಬೇಕೆಂದವರು ಮೂವರು, ಬೇಡವೆಂದವರು ಇಬ್ಬರು. ಆ ಇಬ್ಬರಲ್ಲಿ ಕಾಕಾ ಒಬ್ಬರು.

ಸದ್ಯಕ್ಕೆ ಅಂತ ಹಾಕಿದ ಬೀಗ ತೆಗೆಯಲೇ ಇಲ್ಲ. ಕೆಲವು ತಿಂಗಳ ಮೇಲೆ ಆ ನರ್ಸಿಂಗ್ ಹುಡುಗಿ ಗ್ರಾಸರಿ ಅಂಗಡಿಯ ಕೌಂಟರಿನಲ್ಲಿ ಬಿಲ್ಲು ಹಾಕುತ್ತಾ ಸಿಕ್ಕಳು, ಓದು ಬಿಟ್ಟಿದ್ದಳು. ನನ್ನ ಗುರುತು ಹಿಡಿದಳು. ಕೊತ್ತಂಬರಿ ಸೊಪ್ಪು ನಲುಗದ ಹಾಗೆ ಮೇಲಿಟ್ಟು ಚೀಲ ಕೊಟ್ಟಳು. ನಾನು ಕಾರಿಗೆ ಬಂದು ಸ್ಟಾರ್ಟು ಮಾಡದೆ ಕೂತಿದ್ದೆ. ಆ ಸಂಜೆ ಕಾಕಾ ಮನೆಗೆ ಹೋಗಿ ಬಾಗಿಲು ಬಡಿಯಬೇಕು ಅನ್ನಿಸಿತು. ಅವರ ನಿಯಮ ನೆನಪಾಗಿ ಸುಮ್ಮನಾದೆ.

ಕಾಕಾ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಅವಧಿ ಮುಗಿಯುವಷ್ಟರಲ್ಲಿ ಕಾಕೂಗೆ ಮೊಣಕಾಲಿನ ಆಪರೇಷನ್ನು. ಮೆಟ್ಟಿಲ ಮನೆ ಮಾರಿ, ದೂರದ ಗಿಲ್‌ರಾಯ್‌ನಲ್ಲಿದ್ದ ಮಗಳ ಮನೆಗೆ ಹೋದರು. ಫೋನು ಅವರಿಗೆ ಆಗದು, ಮುಖ ಕಾಣದ ಮಾತು ಅದು. ಹಬ್ಬಕ್ಕೆ ಫೋನು ಮಾಡಿದರೆ ಕಾಕೂ ಕೈಗೇ ಕೊಡುವರು. ಈ ನಡುವೆ ಬೋರ್ಡಿನಲ್ಲಿ ಸರದಿ ಬಂದು ನಾನು ಅಧ್ಯಕ್ಷೆಯಾದೆ.

ಒಂದು ಮೀಟಿಂಗಿನಲ್ಲಿ, ಮಾತಾಡುವವರ ಹೆಸರು ಕೂಗುತ್ತಾ ಹೋದವಳು ಮುಂದಿನ ಹೆಸರು ನೋಡಿ ತಡವರಿಸಿದೆ. ಕಾಕಾ! ಅದೇ ಬಿಳಿ ಸ್ನೀಕರ್ಸು, ಆದರೆ ಈಗ ಕೈಯಲ್ಲಿ ಕೋಲು. ಮೈಕಿನ ಮುಂದೆ ನಿಂತು ಕನ್ನಡಕ ತೆಗೆದರು. ಮೊದಲು ಎಲ್ಲರಿಗೂ ಅರ್ಥವಾಗಲಿ ಅಂತ ಇಂಗ್ಲಿಷಿನಲ್ಲಿ ಹೇಳಿದರು: ಡೇಕೇರ್ ಮುಚ್ಚಿದಾಗ ಲೈಬ್ರರಿಯ ಹಿಂದೆ ಖಾಲಿ ಕೋಣೆಗಳಿದ್ದವು, ಗಟ್ಟಿಯಾಗಿದ್ದವು, ತಾವೇ ಹೋಗಿ ನೋಡಿ ಬಂದಿದ್ದರು. ಮೊದಲು ಮಕ್ಕಳನ್ನು ಅಲ್ಲಿಗೆ ಸಾಗಿಸಿ, ಆಮೇಲೆ ಹಳೆ ಕಟ್ಟಡಕ್ಕೆ ಬೀಗ ಹಾಕೋಣ ಅನ್ನುವ ಮಾತು ಅವರ ಬಾಯ ತುದಿಯಲ್ಲಿತ್ತು. ಆದರೆ ಅಧ್ಯಕ್ಷರಾದವರು ತಾವೇ ಸೂಚನೆ ಮಂಡಿಸುವುದಿಲ್ಲ ಅನ್ನುವುದು ಬೋರ್ಡಿನ ವಾಡಿಕೆ. ಕಾಯಿದೆಯಲ್ಲ, ಬರೀ ವಾಡಿಕೆ. ಅದನ್ನು ಮುರಿಯದೆ, ಬೇರೆ ಯಾರಾದರೂ ಹೇಳಲಿ ಅಂತ ಅವರು ಕಾದರು.

ಆಮೇಲೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. ಹಾಲಿನಲ್ಲಿ ಅದು ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೆ.

“ತಂಗಿ, ನಾ ಅವತ್ತು ನಿನ್ನ ಕಡೆ ನೋಡಿದ್ದು ನೀ ಆ ಮಾತು ಎತ್ತಲಿ ಅಂತ. ನನ್ನ ಮನಸಿನಾಗ ಇದ್ದದ್ದು ನಿನಗ ಹೆಂಗ ತಿಳೀಬೇಕು? ಒಂದ ಸಂಜೀಕ ನಿನ್ನ ಜೋಡಿ ಸೇತುವಿ ಕಡೆ ನಿಂತಿದ್ರ ತಿಳೀತಿತ್ತು. ಮಂದಿ ಏನಂದಾರು ಅಂತ ನಾ ನಿನ್ನ ಬಿಟ್ಟೆ, ಆ ಕೂಸುಗಳು ಜಾಗಾ ಕಳಕೊಂಡ್ವು. ಮನೀಗೆ ಬಂದು ಹೇಳಬಹುದಿತ್ತು. ತಪ್ಪು ಮಾಡಿದ್ದು ಇಲ್ಲಿ, ಇಲ್ಲೇ ಹೇಳಬೇಕು ಅಂತ ಬಂದೆ…”

ಟೈಮರು ಕೂಗಿತು. ನಾನು ತಲೆ ತಗ್ಗಿಸಿದೆ. ಅವರು ಹೇಳಿಕೊಟ್ಟದ್ದೇ ತಾನೇ ಅದು? ಎದುರಿನ ಹಾಳೆಯ ಮೇಲೆ ನನ್ನ ಕಣ್ಣೀರು ಬೀಳುತ್ತಿತ್ತು.

“…ನನ್ನ ಮ್ಯಾಲೆ ಸಿಟ್ಟು ಐತೇನು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ‘ಇಲ್ಲ ಕಾಕಾ’ ಅನ್ನುವುದು ಎರಡೇ ಮಾತು. ಬೋರ್ಡಿನವರು ಉತ್ತರ ಕೊಡುವಂತಿಲ್ಲ, ಅದರಲ್ಲೂ ಅಧ್ಯಕ್ಷೆ. ಅಂದುಬಿಟ್ಟಿದ್ದರೆ ಕಾಕಾಗೇ ಸರಿ ಬರುತ್ತಿರಲಿಲ್ಲವೇನೋ. “ಥ್ಯಾಂಕ್ ಯೂ. ನೆಕ್ಸ್ಟ್ ಸ್ಪೀಕರ್,” ಅಂದೆ. ಕಾಕಾ ಕನ್ನಡಕ ಹಾಕಿಕೊಂಡು, ಸರಿ ಮಾಡಿದೆ ಅನ್ನುವ ಹಾಗೆ ತಲೆ ಆಡಿಸಿ, ಕೋಲೂರಿಕೊಂಡು ಹೋದರು. ಮೀಟಿಂಗು ಮುಗಿಯುವ ಹೊತ್ತಿಗೆ ಕಾಕಾರ ಮಗಳು ಅವರನ್ನು ಕರೆದುಕೊಂಡು ಗಿಲ್‌ರಾಯ್‌ಗೆ ಹೊರಟಾಗಿತ್ತು.

ಮಾರನೇ ದಿನ ಫೋನು ಮಾಡಿದೆ. ಈ ಸಲ ಅವರೇ ಎತ್ತಿದರು. ನಾನು “ಕಾಕಾ, ನಿನ್ನೆ…” ಅನ್ನುವಷ್ಟರಲ್ಲಿ, “ಫೋನಿನಾಗ ಬ್ಯಾಡ. ಶನಿವಾರ ಬಾ. ಇಲ್ಲೂ ಒಂದು ಚಲೋ ಹಾದಿ ಐತಿ,” ಅಂದರು. ದನಿಯಲ್ಲಿ ನಗು ಇತ್ತು. ಹೇಳಿಬಿಡಬೇಕಿತ್ತು ನಾನು, ಅಡ್ಡಬಾಯಿ ಹಾಕಿಯಾದರೂ. “ಆಯ್ತು ಕಾಕಾ,” ಅಂದೆ.

ಶುಕ್ರವಾರ ಬೆಳಗ್ಗೆ ಎದ್ದು ಶೂ ಕಟ್ಟಿಕೊಳ್ಳುತ್ತಾ ಕೂತವರು ಹಾಗೇ ಹೋಗಿಬಿಟ್ಟರಂತೆ. ಹೃದಯಾಘಾತ. ಶನಿವಾರ ಗಿಲ್‌ರಾಯ್‌ಗೆ ಹೋದೆ, ಮಾತಾಡಲು ಅಲ್ಲ. ಕಾಕೂ ನನ್ನನ್ನು ಕಂಡು, “ನೀ ಬರ್ತಿ ಅಂತ ಎರಡು ದಿನದಿಂದ ಅದ ಹಾದಿ ನೋಡಿ ನೋಡಿ ಬರ್ತಿದ್ರವಾ,” ಅಂದು ಎದೆಗೆ ಒರಗಿದರು. ಆ ಲೈಬ್ರರಿ ಹಿಂದಿನ ಕೋಣೆಗಳನ್ನು ಕೆಡವಿ ಆಗಲೇ ಪಾರ್ಕಿಂಗ್ ಮಾಡಿಯಾಗಿದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ.

ಬೋರ್ಡಿನಲ್ಲಿದ್ದವರು ತೀರಿಕೊಂಡರೆ ಮುಂದಿನ ಮೀಟಿಂಗಿನಲ್ಲಿ ಒಂದು ನಿಮಿಷ ಮೌನ ಆಚರಿಸುವ ಪದ್ಧತಿಯಿದೆ. ಅಧ್ಯಕ್ಷೆಯಾಗಿ ನಾನೇ ಹೇಳಬೇಕು, ಎಲ್ಲರೂ ಎದ್ದು ನಿಲ್ಲಿ ಅಂತ. ನನ್ನಿಂದ ಆಗಲಿಲ್ಲ. ನಾವಿಬ್ಬರೂ ಆಚರಿಸಿದ ಮೌನವೇ ಬೇಕಾದಷ್ಟಾಯಿತು ಅನ್ನಿಸಿತು. ಅಧ್ಯಕ್ಷರು ಮೇಜಿಗೆ ಬಡಿಯುವ ಮರದ ಸುತ್ತಿಗೆಯನ್ನು ಪಕ್ಕದ ಸದಸ್ಯರ ಕೈಗೆ ಕೊಟ್ಟು, ವೇದಿಕೆ ಇಳಿದು, ಮೈಕಿನ ಮುಂದೆ ಹೋಗಿ ನಿಂತೆ. ಕನ್ನಡದಲ್ಲೇ ಹೇಳಿದೆ. ಸಿಟ್ಟಿತ್ತು ಕಾಕಾ, ಇಲ್ಲ ಅಂದರೆ ಸುಳ್ಳಾಗುತ್ತೆ. ವಾಕಿಂಗು ಬಿಡಿಸಿದ್ದಕ್ಕೆ ಇತ್ತು. ಆ ಹುಡುಗಿ ಓದು ಬಿಟ್ಟದ್ದಕ್ಕೆ ನಿಮ್ಮ ಮೇಲೆಷ್ಟೋ ನನ್ನ ಮೇಲೂ ಅಷ್ಟೇ ಇತ್ತು. ನೀವು ಮೈಕಿನ ಮುಂದೆ ಬಂದು ನಿಂತಿರಲ್ಲ, ಆಗ ಹೋಯಿತು. ಈಗ ಇಲ್ಲ. ಕೇಳಿಸಿತಾ ಕಾಕಾ?

ಟೈಮರು ಕೂಗಿತು. ಯಾರೂ ಉತ್ತರ ಕೊಡಲಿಲ್ಲ. ಅಲ್ಲಿ ನಿಂತು ಆಡಿದ ಮಾತಿಗೆ ಉತ್ತರ ಕೊಡುವಂತಿಲ್ಲ.