ಶಾಲೆಯ ಮೇಲಿನ ಕೆಂಪು ಚುಕ್ಕಿ

ಫಿರಂಗಿ ತಾನಾಗಿ ಹಾರುವುದಿಲ್ಲ. ಒಬ್ಬ ‘ಹೊಡಿ’ ಅನ್ನುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಗೊತ್ತಿಲ್ಲದ್ದು ಯುದ್ಧಖಾತೆಯ ವಿಚಾರಣಾ ಸಮಿತಿಗೆ ಮಾತ್ರ. ಗಡಿಯಾಚೆಯ ಶಾಲೆಯೊಂದರಲ್ಲಿ ನಲವತ್ತೊಂದು ಮಕ್ಕಳು ಸತ್ತ ಮೇಲೆ ಸಮಿತಿ ಮೂರು ತಿಂಗಳು ತಲೆ ಕೆರೆದುಕೊಂಡು ಅಪರಾಧಿಯನ್ನು ಹಿಡಿಯಿತು: ನಕ್ಷೆ!

ನಕ್ಷೆ ಬರೆದವರು ಚುಕ್ಕಿರಾಯರು. ಖಾತೆಯ ನೆಲಮಾಳಿಗೆಯಲ್ಲಿ ಓರೆ ಮೇಜಿನ ಮೇಲೆ ಇಪ್ಪತ್ತಾರು ವರ್ಷ ಬೆನ್ನು ಬಾಗಿಸಿದವರು. ಹೊಡೆಯಬಾರದ ಜಾಗವೆಂದು ಶಾಲೆ, ಆಸ್ಪತ್ರೆಗಳಿಗೆ ಕೆಂಪು ಚುಕ್ಕಿ ಇಡುವುದು ಅವರ ಕೆಲಸ. ನಕ್ಷೆ ಒಯ್ಯಲು ಬಂದ ಅಧಿಕಾರಿಯಿಂದ ಮೂಲಪ್ರತಿಯ ಒಂದೊಂದು ಚುಕ್ಕಿಯ ಪಕ್ಕದಲ್ಲೂ ಚಿಕ್ಕ ಸಹಿ ಹಾಕಿಸಿಕೊಳ್ಳುವುದು ಅವರ ಚಟ. ಆ ಹೆಸರು ಬಿದ್ದದ್ದೂ ಅದರಿಂದಲೇ.

ಈಗ ರಾಯರೇ ಸಹಿ ಹಾಕಬೇಕಿತ್ತು. ‘ಚುಕ್ಕಿ ಬಿಟ್ಟುಹೋಗಿದೆ, ತಪ್ಪು ನನ್ನದು’ ಎಂಬ ಹೇಳಿಕೆ ಟೈಪಾಗಿ ಮನೆಗೇ ಬಂತು. ಎಂಥ ಅಚ್ಚುಕಟ್ಟು ನೋಡಿ: ಮಂತ್ರಿಗಳಿಗೆ ವಿಷಾದ, ದಳಪತಿಗಳಿಗೆ ಪದಕ, ಸಹಿ ಹಾಕಿದರೆ ರಾಯರಿಗೆ ಮೆತ್ತನೆಯ ಭಾಷೆಯಲ್ಲೊಂದು ಎಚ್ಚರಿಕೆ. ಸಹಿ ಹಾಕದಿದ್ದರೆ ನೌಕರಿ ಇಲ್ಲ.

ಕಾಗದ ತಂದವನು ಹೆಂಡತಿಯ ತಮ್ಮ. ಗುಡ್ಡದ ಮೇಲಿಂದ ದುರ್ಬೀನಿನಲ್ಲಿ ಗುರಿ ನೋಡಿ ಫಿರಂಗಿ ಹಾರಿಸಿದ ಸಿಪಾಯಿಯೂ ಅವನೇ.

“ಹಾಕ್ಬಿಡಿ ಭಾವ. ನಕ್ಷೆ ತಪ್ಪು ಅಂತಾದ್ರೆ ನಾನೂ ಬಚಾವ್.”

“ದುರ್ಬೀನಲ್ಲಿ ಏನು ಕಾಣಿಸ್ತು?”

ಭಾಮೈದ ಕೈಯಲ್ಲಿದ್ದ ಕಾಫಿ ಲೋಟದ ತಳ ನೋಡಿದ. “ಗೋಡೆಗೆ ಒರಗಿಸಿದ ಸೈಕಲ್‌ಗಳು.”

“ಎಷ್ಟೆತ್ತರ?”

ಅವನು ಕೈಯನ್ನು ಮೊಣಕಾಲಿನ ಹತ್ತಿರ ಹಿಡಿದ. “ವೈರ್‌ಲೆಸ್ಸಲ್ಲಿ ಹೇಳ್ದೆ ಭಾವ, ಸಣ್ಣ ಸೈಕಲ್ ಇದಾವೆ ಅಂತ. ದಳಪತಿಗಳು ಹೊಡಿ ಅಂದ್ರು.”

“ಅಂದಿದ್ದು ಅವರು. ಹೊಡೆದಿದ್ದು ಯಾರು?”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಣ್ಣಗೆ ಕೇಳಿದಳು: “ನನ್ನ ತಮ್ಮನ್ನ ಜೈಲಿಗೆ ಹಾಕಿಸಿ ನೀವು ಸತ್ಯವಂತರಾಗ್ಬೇಕಾ?”

ರಾಯರು ಸಹಿಯಿಲ್ಲದ ಹೇಳಿಕೆಯನ್ನು ಮಡಿಸಿ ಜೇಬಿಗಿಟ್ಟರು. ಬೆಳಿಗ್ಗೆ ನೆಲಮಾಳಿಗೆಗಿಳಿದು ಮೂಲಪ್ರತಿ ಹುಡುಕಿದರು. ಶಾಲೆಯ ಮೇಲೆ ಚುಕ್ಕಿ ಕೆಂಪಗೆ ಕೂತಿತ್ತು, ಪಕ್ಕದಲ್ಲಿ ‘ಹೊಡಿ’ ಅಂದವರದೇ ಸಹಿ. ಒಯ್ದು ಸಮಿತಿಯ ಮುಂದೆ ಹಾಸಿದರು.

ಸಮಿತಿ ಒಂದು ಗಳಿಗೆಯೂ ತಡಮಾಡಲಿಲ್ಲ. ಹಾಳೆಗೆ ‘ರಹಸ್ಯ’ ಎಂಬ ಮುದ್ರೆ ಒತ್ತಿ ಕಬ್ಬಿಣದ ಬೀರುವಿಗೆ ಸೇರಿಸಿತು. ರಾಯರನ್ನು ನೌಕರಿಯಿಂದ ತೆಗೆದು ಮನೆಗೆ ಕಳಿಸಿತು. ನಕ್ಷೆಯ ನೆಪ ಕೈಕೊಟ್ಟಿತಲ್ಲ, ಮಕ್ಕಳ ಸಾವಿಗೆ ಹೊಸ ಕಾರಣ ಸಿಕ್ಕಿತು: ಸಿಪಾಯಿಯ ಆತುರ.

ಭಾಮೈದ ಈಗ ಜೈಲಿನಲ್ಲಿದ್ದಾನೆ, ಇರಬೇಕಾದವನೇ. ಆದರೆ ಪಕ್ಕದ ಕೋಣೆ ಖಾಲಿಯಿದೆ. ಅದರಲ್ಲಿರಬೇಕಾದವರು ಶಾಲೆಗಳಿಗೆ ಹೋಗಿ ಬಹುಮಾನ ಹಂಚುತ್ತಿದ್ದಾರೆ. ರಾಯರ ಮನೆಯಲ್ಲಿ ಗಂಡ ಹೆಂಡಿರ ಮಾತು ನಿಂತಿದೆ.

ಯುದ್ಧ ಗೆದ್ದೆವೆಂದು ಅವತ್ತು ಚಪ್ಪಾಳೆ ತಟ್ಟಿದಿರಲ್ಲ, ಅದೇ ಕೈಯಲ್ಲಿ ಇವತ್ತು ಒಂದು ಅರ್ಜಿ ಬರೆಯಿರಿ: ಬೀರು ತೆಗೆಯಿರಿ, ಆ ಸಹಿ ಯಾರದೆಂದು ಗಟ್ಟಿಯಾಗಿ ಓದಿ ಹೇಳಿ.