ನಾನು ಕಿತ್ತ ಮೈಕಿನ ಪಿನ್

ಹನ್ನೊಂದು ವರ್ಷಗಳ ಹಿಂದೆ ನಾನು ತಾವರಗೇರಾದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದೆ. ಈಗಲೂ ಅದೇ ಕೆಲಸ. ಓದಿದ್ದು ನಾಲ್ಕನೇ ತರಗತಿ; ಅದೂ ಮರೆತುಹೋಗಿದೆ ಎಂದೇ ಮನೆಯವರ ನಂಬಿಕೆ. ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಬ್ಯಾಟರಿ, ಅವನ್ನು ಹೊರುವ ಗೂಡ್ಸ್ ಆಟೊ. ನನ್ನ ಬದುಕು ಇಷ್ಟೇ. ಕೆಲಸ ಕಲಿಸಿದ ಖಾಸೀಮಸಾಬರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಮಾತಾಡಾಕತ್ತವ್ರ ಪಿನ್ ಎಂದೂ ಕೀಳಬ್ಯಾಡ. ಬಂದ್ ಮಾಡೂದಿದ್ರ ಅವ್ರ ಭುಜ ಮುಟ್ಟಿ ಹೇಳು, ಮಂದಿಗೂ ಹೇಳು. ಸದ್ದು ಒಮ್ಮೆಲೆ ನಿಂತ್ರ ಮಂದಿ ಗಾಬರಿ ಬೀಳ್ತಾರ."

ಆ ವರ್ಷ ಹತ್ತಿರದ ಒಂದು ಹಳ್ಳಿಯಲ್ಲಿ ದಲಿತ ಕೇರಿಯವರನ್ನು ಕಟಿಂಗ್ ಅಂಗಡಿಯ ಕುರ್ಚಿಗೆ ಕೂರಿಸುತ್ತಿರಲಿಲ್ಲ. ಕೂದಲು ತೆಗೆಸಲು ಅವರು ಕುಷ್ಟಗಿಗೆ ಬಸ್ ಹತ್ತಬೇಕಿತ್ತು. ನಾವೂ ಅದೇ ಜಾತಿಯವರು. ನನ್ನ ತಮ್ಮ ದುರ್ಗಪ್ಪ ಮುಂದೆ ನಿಂತು ಪಂಚಾಯತಿ ಎದುರು ಧರಣಿ ಹೂಡಿದ. ಮೂರನೇ ದಿನ ಮುನ್ನೂರು ಜನ ಸೇರಿದರು. ಮೈಕ್ ನನ್ನದೇ.

"ಕಾಕಾ, ಮದುವಿ ಹಾಡು ಹಚ್ಚೀಯ ಮತ್ತ," ಎಂದು ಹುಡುಗರು ಕಾಡಿಸಿದರು.

"ಹಚ್ತೀನಿ. ಮೊದ್ಲ ಕಟಿಂಗ್ ಮಾಡಿಸ್ಕೊಂಡು ಮದುಮಕ್ಕಳಂಗ ಬರ್ರಿ," ಎಂದೆ. ಎಲ್ಲರೂ ನಕ್ಕರು.

ಹನ್ನೊಂದು ಗಂಟೆಗೆ ಎರಡು ವ್ಯಾನ್ ಪೊಲೀಸರು ಬಂದರು. ಅನುಮತಿ ಮುಗಿದಿದೆ, ರಸ್ತೆ ಬಿಡಿ ಎಂದರು. ನೂಕಾಟ ಶುರುವಾಯಿತು. ದುರ್ಗಪ್ಪ ಆಟೊ ಹತ್ತಿ ಮೈಕ್ ಹಿಡಿದ. "ಯಾರೂ ಏಳಬ್ಯಾಡ್ರಿ," ಎನ್ನುವಷ್ಟರಲ್ಲಿ ಅಧಿಕಾರಿಯೊಬ್ಬರು ಲಾಠಿಯಿಂದ ಆಂಪ್ಲಿಫೈಯರ್ ಕುಟ್ಟಿದರು: "ಬಂದ್ ಮಾಡಲೇ. ಇಲ್ಲಂದ್ರ ಸೆಟ್ಟು, ಆಟೊ ಎರಡೂ ಜಪ್ತಿ!"

ತಮ್ಮನ ಭುಜ ಮುಟ್ಟಲಿಲ್ಲ. ಪಿನ್ ಕಿತ್ತೆ.

ಅವನ ಬಾಯಿ ಇನ್ನೂ ಆಡುತ್ತಿತ್ತು. ಕಾಲಬಳಿ ಕೂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು: "ಪೊಲೀಸ್ರ ಮೈ ಮುಟ್ಟಬ್ಯಾಡ್ರಿ. ಕಲ್ಲು ಎತ್ತಬ್ಯಾಡ್ರಿ. ಕುಂದರ್ರಿ." ಹಿಂದಿದ್ದವರಿಗೆ ಏನೂ ಕೇಳಿಸಲಿಲ್ಲ. ಅವನನ್ನು ಹಿಡಿದೇಬಿಟ್ಟರು ಎಂದುಕೊಂಡು ನುಗ್ಗಿದರು. ಕಲ್ಲು ಬಂದವು. ಒಬ್ಬ ಪೇದೆಯ ಹಣೆ ಒಡೆಯಿತು. ಆಮೇಲೆ ಲಾಠಿಗೆ ಮಕ್ಕಳು, ಮುದುಕರು ಎಂಬ ಭೇದವಿರಲಿಲ್ಲ. ಒಂದು ಏಟು ದುರ್ಗಪ್ಪನ ಎಡಗಿವಿಗೆ ಬಿತ್ತು.

ಸಂಜೆ ಠಾಣೆಯಲ್ಲಿ ನನ್ನ ಹೇಳಿಕೆ ಬರೆದರು.

"ಓದಾಕ ಬರ್ತೈತೇನು?"

"ಇಲ್ರಿ ಸಾಹೇಬ್ರ."

"ಹಂಗಾದ್ರ ಇಲ್ಲೆ ಸಹಿ ಮಾಡು."

ನನಗೆ ಓದಲು ಬರುತ್ತಿತ್ತು. ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ. 'ಪೊಲೀಸರನ್ನು ಹೊಡೆಯಿರಿ ಎಂದು ದುರ್ಗಪ್ಪ ಕೂಗಿದ್ದನ್ನು ನಾನು ಕೇಳಿದ್ದೇನೆ' ಎಂದು ಬರೆದಿತ್ತು. ಜಪ್ತಿ ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದ ನನ್ನ ಆಟೊ ಕಿಟಕಿಯಿಂದ ಕಾಣುತ್ತಿತ್ತು. ಸಹಿ ಮಾಡಿದೆ. ಸೆಟ್, ಆಟೊ ಎರಡನ್ನೂ ಬಿಟ್ಟರು.

ಆ ಹಾಳೆಯಿಂದಾಗಿ ತಮ್ಮ ಏಳು ತಿಂಗಳು ಜೈಲಿನಲ್ಲಿದ್ದ. ವಕೀಲರು ಅದನ್ನು ತೋರಿಸಿದಾಗಲೂ ಅವನು ನನ್ನ ಮೇಲೆ ಸಂಶಯಪಡಲಿಲ್ಲ. "ನಮ್ಮಣ್ಣಗ ಓದು ಬರಂಗಿಲ್ರಿ. ಮೋಸ ಮಾಡಿ ಸಹಿ ತಗೊಂಡಾರ," ಎಂದನಂತೆ. ಕೋರ್ಟಿನಲ್ಲಿ ನಾನೂ ಅದನ್ನೇ ಹೇಳಿದೆ. ಅವನು ಬಿಡುಗಡೆಯಾದ. ಊರವರು ನನ್ನ ಮೇಲೆ ಮರುಕಪಟ್ಟರು.

ಈಗ ಆ ಅಂಗಡಿಯ ಕುರ್ಚಿಯಲ್ಲಿ ಎಲ್ಲರೂ ಕೂರುತ್ತಾರೆ. ತಮ್ಮನ ಎಡಗಿವಿ ಮಾತ್ರ ಪೂರಾ ಹೋಗಿದೆ. ಯಾವುದೇ ಕಾರ್ಯಕ್ರಮ ಮುಗಿದು ಸೆಟ್ ಬಂದ್ ಮಾಡಿದ ಕೂಡಲೇ, ಖಾಲಿ ಹಾರ್ನಿನೊಳಗಿಂದ "ಕುಂದರ್ರಿ" ಎಂಬ ದನಿ ನನಗೆ ಕೇಳುತ್ತದೆ. ಭುಜ ಮುಟ್ಟದೆ ಇಂದಿಗೂ ಯಾರ ಮೈಕನ್ನೂ ನಿಲ್ಲಿಸುವುದಿಲ್ಲ. ಕೆಲಸ ಕಲಿಸಿದ ಪಾಠ ಅದು. ನಾನು ಕಲಿತದ್ದು ತಡವಾಗಿ.

ಮೂರು ಸಲ ಅವನ ಎಡಕ್ಕೆ ಕೂತು ಎಲ್ಲವನ್ನೂ ಹೇಳಿದ್ದೇನೆ. "ಏನಂದಿ ಯಣ್ಣಾ?" ಎಂದು ಪ್ರತಿ ಸಲವೂ ಬಲಗಿವಿ ತಿರುಗಿಸುತ್ತಾನೆ. "ಉಣ್ಣು ಅಂದ್ನಿ," ಎನ್ನುತ್ತೇನೆ.

ದುರ್ಗಪ್ಪಾ, ಇದನ್ನು ನೀನೇ ಓದು. ಆ ದಿನ ನನಗೆ ಓದಲು ಬರುತ್ತಿತ್ತು.